ಒಂದೇ ಎಲೆ, ಹಲವು ವೇಷ: ಗಂಜೀಫದಿಂದ ಮೊಬೈಲ್ ಆಟದವರೆಗೆ

ಶಿವಮೊಗ್ಗ, ಭದ್ರಾವತಿಗಳ ಪ್ರೌಢಶಾಲಾ ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಆಡಿಕೊಳ್ಳುವ ಮಾತಿನಲ್ಲಿ ಈಚೆಗೆ ಹೊಸದೊಂದು ಬಗೆಯ ಆಸ್ತಿಯ ಪ್ರಸ್ತಾಪ ಬರುವುದುಂಟು. ಅದು ಹೊಲವಲ್ಲ, ಮನೆಯಲ್ಲ, ಸೈಕಲ್ಲೂ ಅಲ್ಲ. ಮೊಬೈಲ್ ಫೋನಿನ ಗಾಜಿನ ಹಿಂದೆ ಮಾತ್ರ ಇರುವ ಆಟದ ಎಲೆ. ಆ ಎಲೆಗೆ ಬಂಗಾರದ ಅಂಚಿದೆ, ಅದರೊಳಗಿನ ಚಿತ್ರ ಅಲುಗಾಡುತ್ತದೆ, ಅದು ನೂರಾರು ಜನರಲ್ಲಿ ಒಬ್ಬನಿಗೆ ಸಿಗುವಷ್ಟು ವಿರಳ ಎಂದು ಹುಡುಗನು ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಅದರಿಂದ ಆಟವನ್ನು ಗೆಲ್ಲುವುದು ಸುಲಭವಾಗುತ್ತದೆಯೇ ಎಂದು ಹಿರಿಯರು ಕೇಳಿದರೆ, ಇಲ್ಲ, ಸಾದಾ ಎಲೆಗೂ ಇದಕ್ಕೂ ಬಲ ಒಂದೇ ಎಂಬ ಉತ್ತರ ಬರುತ್ತದೆ. ಹಾಗಾದರೆ ಅದಕ್ಕೆ ಹಣವೇಕೆ ಎಂಬ ಮುಂದಿನ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿಲ್ಲ. ಅವನ ಹಟಕ್ಕೆ ಹಿರಿಯರಲ್ಲಿ ತಿಳಿವಳಿಕೆಯಿಲ್ಲ. ಸಂಭಾಷಣೆ ಅಲ್ಲಿಗೇ ನಿಲ್ಲುತ್ತದೆ, ಖರ್ಚು ಮಾತ್ರ ಮುಂದುವರಿಯುತ್ತದೆ.

ಬಲದಲ್ಲಿ ಸಮಾನವಾದ ಎರಡು ಎಲೆಗಳಲ್ಲಿ ಒಂದಕ್ಕೆ ಮಾತ್ರ ಅಧಿಕ ಬೆಲೆ ಬರುವುದು ಹೇಗೆ, ಆ ಬೆಲೆಯನ್ನು ಕಟ್ಟುವವರು ಯಾರು, ಹಣ ಕೊಟ್ಟವನ ಕೈಯಲ್ಲಿ ಕೊನೆಗೆ ಉಳಿಯುವುದೇನು ಎಂಬ ಮೂರು ಸಂಗತಿಗಳನ್ನು ವಿವೇಚಿಸುವುದು ಇಲ್ಲಿಯ ಉದ್ದೇಶ. ವಿಷಯವು ಮೇಲ್ನೋಟಕ್ಕೆ ಹುಡುಗಾಟವೆಂದು ತೋರಬಹುದಾದರೂ ಮೂಲತಃ ಹೊಸದಲ್ಲ. ಕನ್ನಡ ನಾಡಿನ ಇತಿಹಾಸದಲ್ಲೇ ಅದಕ್ಕೊಂದು ಹಳೆಯ ನಿದರ್ಶನವಿದೆ. ಆ ನಿದರ್ಶನಕ್ಕೆ ಶಿವಮೊಗ್ಗ ಸೀಮೆಯ ನಂಟೂ ಇದೆ.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಯುಕ್ತ. ಇಸ್ಪೀಟಿನಲ್ಲಿ 52 ಎಲೆಗಳ ಒಂದು ಕಟ್ಟು ಆಟಗಾರರೆಲ್ಲರಿಗೂ ಸಾಮಾನ್ಯವಾದುದು. ಸಂಗ್ರಹಣೆಯ ಕಾರ್ಡ್ ಆಟದಲ್ಲಿ ಹಾಗಲ್ಲ. ಅಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಬಗೆಯ ಎಲೆಗಳಿರುತ್ತವೆ. ಪ್ರತಿಯೊಬ್ಬನೂ ತಾನು ಸಂಗ್ರಹಿಸಿದವುಗಳಿಂದ ಆಯ್ದು ತನ್ನದೇ ಕಟ್ಟನ್ನು ರಚಿಸಿಕೊಂಡು ಎದುರಾಳಿಯೊಡನೆ ಸೆಣಸುತ್ತಾನೆ. ಈ ಬಗೆಯ ಆಟಕ್ಕೆ ಆಧುನಿಕ ರೂಪವನ್ನು ಕೊಟ್ಟದ್ದು 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞರು ರಚಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾಗದದ ಎಲೆಯ ಆಟ. ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣವನ್ನು ಕೊಳ್ಳಬೇಕು. ಒಳಗೆ ಯಾವ ಎಲೆ ಇದೆಯೆಂಬುದು ಬಿಚ್ಚಿದ ಮೇಲೆಯೇ ತಿಳಿಯುವುದು. 1999ರಿಂದ ಆ ಪೊಟ್ಟಣಗಳಲ್ಲಿ ಅಪರೂಪಕ್ಕೊಮ್ಮೆ ಹೊಳೆಯುವ ತಗಡಿನಂಥ ಲೇಪವುಳ್ಳ ಎಲೆಗಳು ಬರತೊಡಗಿದವು. ಬರಹ ಅದೇ, ಚಿತ್ರ ಅದೇ, ಬಲ ಅದೇ; ಹೊಳಪು ಮಾತ್ರ ಹೆಚ್ಚು. ಬೆಲೆ ಹಲವು ಪಟ್ಟು ಏರಿತು.

ಇದೇ ಪದ್ಧತಿ ಕಂಪ್ಯೂಟರಿಗೂ ಫೋನಿಗೂ ದಾಟಿತು. 2014ರಲ್ಲಿ ಹೊರಬಂದ ‘ಹಾರ್ತ್‌ಸ್ಟೋನ್’ ಎಂಬ ಆಟದಲ್ಲಿ ಪ್ರತಿ ಎಲೆಗೂ ಒಂದು ಸಾದಾ ಪ್ರತಿ, ಒಂದು ಸುವರ್ಣ ಪ್ರತಿ ಇದ್ದವು. ಸುವರ್ಣ ಪ್ರತಿಯಲ್ಲಿ ಚಿತ್ರವು ಚಲಿಸುತ್ತದೆ, ಅಂಚು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಅದರಿಂದಾಚೆಗೆ ಕೂದಲೆಳೆಯಷ್ಟೂ ಭೇದವಿಲ್ಲ. ಬೇಡದ ಎಲೆಗಳನ್ನು ಕರಗಿಸಿ ಬಂದ ‘ಧೂಳಿ’ನಿಂದ ಬೇಕಾದ ಎಲೆಯನ್ನು ನಿರ್ಮಿಸಿಕೊಳ್ಳುವ ಅವಕಾಶ ಅಲ್ಲಿದೆ. ಅತ್ಯಂತ ಕೆಳದರ್ಜೆಯ ಸಾದಾ ಎಲೆಗೆ 40 ಅಂಶ ಧೂಳು ಸಾಕು. ಅದೇ ಎಲೆಯ ಸುವರ್ಣ ಪ್ರತಿಗೆ 400 ಬೇಕು. ಅತ್ಯುನ್ನತ ದರ್ಜೆಯಲ್ಲಿ ಸಾದಾ ಎಲೆಗೆ 1600, ಸುವರ್ಣಕ್ಕೆ 3200. ಈ ಅಂಕಿಗಳಲ್ಲಿ ಒಂದು ಸ್ವಾರಸ್ಯವಿದೆ: ಆಟದಲ್ಲಿ ಹೆಚ್ಚಿನ ಬೆಲೆಯಿಲ್ಲದ ಕ್ಷುಲ್ಲಕ ಎಲೆಯ ಅಲಂಕಾರಕ್ಕೆ ಹತ್ತುಪಟ್ಟು ತೆರಬೇಕು, ಶ್ರೇಷ್ಠ ಎಲೆಯ ಅಲಂಕಾರಕ್ಕೆ ಎರಡೇ ಪಟ್ಟು. ಅಲಂಕಾರದ ಬೆಲೆಗೂ ಎಲೆಯ ಯೋಗ್ಯತೆಗೂ ಸಂಬಂಧವಿಲ್ಲವೆಂಬುದನ್ನು ಆಟವನ್ನು ರಚಿಸಿದವರ ಲೆಕ್ಕವೇ ಒಪ್ಪಿಕೊಂಡಂತಾಯಿತು.

ಗ್ರಂಥಸಂಪಾದನೆಯ ಪರಿಚಯವುಳ್ಳ ಅಧ್ಯಾಪಕರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು. ಇದು ಪಾಠಾಂತರವಲ್ಲ, ಪ್ರತ್ಯಂತರ. ಒಂದೇ ಕಾವ್ಯವನ್ನು ಒಬ್ಬನು ಸಾಮಾನ್ಯ ಓಲೆಗರಿಯಲ್ಲಿ ಬರೆದಿಟ್ಟರೆ ಇನ್ನೊಬ್ಬನು ಅಂಚಿಗೆ ಬಣ್ಣ ಬಳಿದು ಚಿತ್ರ ಬಿಡಿಸಿ ಬರೆಯುತ್ತಾನೆ; ಪದ್ಯದ ಅರ್ಥ ಎರಡರಲ್ಲೂ ಒಂದೇ. ಆದುದರಿಂದ ಈ ಬಗೆಯ ಎಲೆಯನ್ನು ಮುಂದೆ ‘ಅಲಂಕೃತ ಪ್ರತಿ’ ಎಂದೇ ಕರೆಯಲಾಗುವುದು. ಹುಡುಗರು ಬಳಸುವ ಮಾತು ‘ವೇರಿಯಂಟ್’.

ಈಗ ಹಿಂದಕ್ಕೆ ಹೋಗೋಣ. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫ ಎಲೆಗಳನ್ನು ಕಳುಹಿಸಿಕೊಟ್ಟುದಾಗಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಭಾರತದಲ್ಲಿ ಈ ಆಟದ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಅದೊಂದು. ಮೊಗಲ್ ಗಂಜೀಫದಲ್ಲಿ ಎಂಟು ಬಣ್ಣಗಳು, ಬಣ್ಣವೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಸೇರಿ ಹನ್ನೆರಡು ಎಲೆ, ಒಟ್ಟು 96. ಹಿಂದೂ ಸಮಾಜದಲ್ಲಿ ಪ್ರಚಾರಕ್ಕೆ ಬಂದ ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳೇ ಹತ್ತು ಬಣ್ಣಗಳಾಗಿ 120 ಎಲೆಗಳಾದವು. ಎಲೆಗಳು ಸಾಮಾನ್ಯವಾಗಿ ದುಂಡಗಿರುತ್ತಿದ್ದವು. ಹಗಲಿನಲ್ಲಿ ಆಡಿದರೆ ರಾಮನ ಎಲೆ ಹಿಡಿದವನು ಆಟವನ್ನು ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ಮೇಲು, ಉಳಿದರ್ಧದಲ್ಲಿ ಒಂದು ಮೇಲು. ಇಷ್ಟು ಸೂಕ್ಷ್ಮವಾದ ನಿಯಮಗಳನ್ನು ರೂಪಿಸಿದವರು ಎಲೆ ಯಾವುದರಿಂದ ಮಾಡಿರಬೇಕೆಂಬ ಬಗ್ಗೆ ನಿಯಮ ಮಾಡಲಿಲ್ಲ.

ಆ ಒಂದು ಬಾಗಿಲು ತೆರೆದಿದ್ದುದರಿಂದಲೇ ಅಲಂಕಾರ ಒಳಗೆ ಬಂದಿತು. ಅರಮನೆಗೆಂದು ಮಾಡಿದ ಎಲೆಗಳಿಗೆ ದರ್ಬಾರ್ ಕಲಂ ಎಂದೂ ಪೇಟೆಗೆಂದು ಮಾಡಿದವಕ್ಕೆ ಬಾಜಾರ್ ಕಲಂ ಎಂದೂ ಹೆಸರಾಯಿತು. ಮೊದಲನೆಯವು ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪುಗಳಲ್ಲಿ ಸಿದ್ಧವಾಗುತ್ತಿದ್ದವು. ಎರಡನೆಯವಕ್ಕೆ ಹಳೆಯ ಬಟ್ಟೆ ಅಥವಾ ಕಾಗದವನ್ನು ಪದರಪದರವಾಗಿ ಹುಣಸೆಬೀಜದ ಅಂಟಿನಿಂದ ಹೊಂದಿಸಿ, ಸುಣ್ಣದ ಪುಡಿ ಬಳಿದು, ಬಣ್ಣ ಹಾಕಿ, ಅರಗಿನ ಮೆರುಗು ಕೊಟ್ಟರೆ ಮುಗಿಯಿತು. ದಂತದ ರಾಜನು ಬಟ್ಟೆಯ ರಾಜನಿಗಿಂತ ಒಂದು ಪಟ್ಟನ್ನೂ ಹೆಚ್ಚಾಗಿ ಗೆಲ್ಲಲಾರ. ಆದರೂ ದಂತದ ಕಟ್ಟನ್ನು ಇಟ್ಟುಕೊಂಡವನ ಅಂತಸ್ತೇ ಬೇರೆಯಾಗಿತ್ತು. ಅಂದರೆ ಅಲಂಕೃತ ಪ್ರತಿಯ ಕಲ್ಪನೆಯು ಫೋನಿಗಿಂತ ಹಲವು ಶತಮಾನಗಳಷ್ಟು ಹಿರಿಯದು.

ಕನ್ನಡ ನಾಡಿನಲ್ಲಿ ಈ ಕಲೆಯನ್ನು ಅತ್ಯಂತ ಎತ್ತರಕ್ಕೆ ಒಯ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಬಾಲ್ಯದಲ್ಲೇ ಪಟ್ಟವೇರಿದ ಅವರ ಆಡಳಿತಾಧಿಕಾರವು 1831ರಲ್ಲಿ ಕಂಪನಿ ಸರ್ಕಾರದ ಕೈಸೇರಿತು. ಅದಕ್ಕೆ ಮುಖ್ಯ ನಿಮಿತ್ತವಾದದ್ದು ನಗರ ಸೀಮೆಯ, ಎಂದರೆ ಹಿಂದಿನ ಬಿದನೂರು, ಇಂದಿನ ಶಿವಮೊಗ್ಗ ಜಿಲ್ಲೆಯ ಪ್ರದೇಶದ ರೈತರು 1830-31ರಲ್ಲಿ ಎದ್ದ ದಂಗೆ. ಕಂದಾಯದ ಹೊರೆಯನ್ನು ತಾಳಲಾರದೆ ಮಲೆನಾಡಿನ ರೈತರು ಸಿಡಿದೆದ್ದುದರ ಫಲವಾಗಿ ಮೈಸೂರಿನ ದೊರೆಯು ರಾಜ್ಯವಿದ್ದೂ ರಾಜ್ಯಭಾರವಿಲ್ಲದವರಾದರು. 1868ರಲ್ಲಿ ತೀರಿಕೊಳ್ಳುವವರೆಗಿನ ದೀರ್ಘಾವಧಿಯಲ್ಲಿ ಅವರ ಚಿತ್ತವು ಸಾಹಿತ್ಯ, ಸಂಗೀತ, ಚಿತ್ರಕಲೆ, ಚದುರಂಗ, ಎಲೆಯಾಟಗಳಲ್ಲಿ ನೆಲೆಗೊಂಡಿತು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಎಂಬ ಬೃಹತ್ ಸಚಿತ್ರ ಗ್ರಂಥದ ಕೌತುಕನಿಧಿ ಭಾಗದಲ್ಲಿ ಹಲವು ಬಗೆಯ ಎಲೆಯಾಟಗಳ ವಿವರಣೆ ಇದೆ. ಅವುಗಳಿಗೆ ‘ಛದ’ವೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಹೊದಿಕೆಯೆಂಬ ಅರ್ಥವೂ ಅದಕ್ಕುಂಟು. ಒಂದೇ ಶಬ್ದದಲ್ಲಿ ಎಲೆಯೂ ಅದರ ಉಡುಪೂ ಅಡಗಿರುವುದು ಪ್ರಕೃತ ವಿಷಯಕ್ಕೆ ಎಷ್ಟು ಒಪ್ಪುತ್ತದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಆಟಗಳಲ್ಲಿ 36 ಎಲೆಗಳ ಚಿಕ್ಕ ಕಟ್ಟಿನಿಂದ 360 ಎಲೆಗಳ ಮಹಾಕಟ್ಟಿನವರೆಗೆ ವೈವಿಧ್ಯವಿತ್ತು. ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ ಮುಂತಾದ ಹೆಸರುಗಳಿಂದಲೇ ಅವುಗಳ ಚಿತ್ರವಿಧಾನವನ್ನು ಊಹಿಸಬಹುದು. ನಿಯಮಗಳ ಜಟಿಲತೆಯಿಂದಾಗಿ ಅವು ಅರಮನೆಯಾಚೆ ಜನರ ಜಗುಲಿಗೆ ಇಳಿದು ಬರಲಿಲ್ಲ. ಆಟ ಮರೆಯಾಯಿತು, ಚಿತ್ರ ಉಳಿಯಿತು. ಇಂದಿಗೂ ಮೈಸೂರಿನಲ್ಲಿ ಜಗನ್ಮೋಹನ ಅರಮನೆಯ ಸಂಗ್ರಹವನ್ನು ನೋಡುವವರು ಆ ಎಲೆಗಳಿಂದ ಆಡುವುದು ಹೇಗೆಂದು ಕೇಳುವುದು ಕಡಮೆ. ಕುಂಚದ ನಯವನ್ನು ಮೆಚ್ಚಿ ಮುಂದೆ ಸಾಗುತ್ತಾರೆ. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದೂ ಆಟವೆಂದಲ್ಲ, ಕರಕುಶಲ ಕಲೆಯೆಂದು.

ಇಲ್ಲಿಯವರೆಗೆ ಹೋಲಿಕೆ ಸರಿಯಾಗಿ ಸಾಗುತ್ತದೆ. ಒಂದು ಮುಖ್ಯ ಸ್ಥಳದಲ್ಲಿ ಮಾತ್ರ ಅದು ಮುರಿಯುತ್ತದೆ, ಆ ಸ್ಥಳವೇ ಈ ವಿಚಾರದ ತಿರುಳು.

ದರ್ಬಾರ್ ಕಲಮಿನ ಎಲೆ ವಿರಳವಾದದ್ದು ಏಕೆ? ದಂತ ದುಬಾರಿ, ಚಿತ್ರಕಾರರು ಕೆಲವರು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ವೃತ್ತದಲ್ಲಿ ದೇವತೆಯ ಆಭರಣದ ಎಳೆಯನ್ನೂ ಬಿಡದೆ ಬರೆಯಲು ದಿನಗಳು ಹಿಡಿಯುತ್ತವೆ. ಅದು ಶ್ರಮದಿಂದ ಬಂದ ವಿರಳತೆ. ಇನ್ನೊಂದು ಬಗೆಯೂ ಇದೆ. 1854ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿತವಾದ ನಾಲ್ಕಾಣೆಯ ಅಂಚೆಚೀಟಿಗಳ ಕೆಲವು ಹಾಳೆಗಳಲ್ಲಿ ಅಚಾತುರ್ಯದಿಂದ ರಾಣಿಯ ಮುಖ ತಲೆಕೆಳಗಾಗಿ ಬಿದ್ದಿತು. ಉಳಿದುಬಂದಿರುವ ಕೆಲವೇ ಪ್ರತಿಗಳಿಗೆ ಇಂದು ಜಗತ್ತಿನ ಸಂಗ್ರಾಹಕರು ಅಪಾರ ಬೆಲೆ ಕೊಡುತ್ತಾರೆ. ಅದು ಆಕಸ್ಮಿಕದಿಂದಲೂ ಕಾಲದಿಂದಲೂ ಬಂದ ವಿರಳತೆ. ಯಾರೂ ಅದನ್ನು ಯೋಜಿಸಿದ್ದಲ್ಲ. ಮೊಬೈಲ್ ಆಟದ ಅಲಂಕೃತ ಪ್ರತಿಗೆ ಈ ಎರಡು ಕಾರಣಗಳೂ ಅನ್ವಯಿಸುವುದಿಲ್ಲ. ಚಿತ್ರಕಾರನ ಶ್ರಮ ಅಲ್ಲಿಯೂ ಉಂಟು, ನಿಜ. ಆದರೆ ಆ ಶ್ರಮ ಒಂದೇ ಸಲದ್ದು. ಚಿತ್ರ ಸಿದ್ಧವಾದ ಬಳಿಕ ಅದನ್ನು ಒಬ್ಬನಿಗೆ ಕೊಡುವುದೂ ಕೋಟಿ ಜನರಿಗೆ ಕೊಡುವುದೂ ಖರ್ಚಿನಲ್ಲಿ ಹೆಚ್ಚುಕಡಮೆ ಒಂದೇ. ಆದರೂ ಅದು ವಿರಳ. ಏಕೆಂದರೆ ವಿರಳವಾಗಿರಬೇಕೆಂದು ಕಂಪನಿಯು ನಿರ್ಧರಿಸಿದೆ. ಇದು ಅಪ್ಪಣೆಯಿಂದ ಬಂದ ವಿರಳತೆ. ಶ್ರಮದಿಂದ ಬಂದುದನ್ನು ಯಾರೂ ರದ್ದುಗೊಳಿಸಲಾರರು. ಅಪ್ಪಣೆಯಿಂದ ಬಂದುದನ್ನು ಅಪ್ಪಣೆ ಕೊಟ್ಟವನೇ ನಾಳೆ ಬೆಳಿಗ್ಗೆ ಹಿಂತೆಗೆದುಕೊಳ್ಳಬಹುದು.

ಹಾಗೆಂದು ಅಲಂಕಾರದ ಅಪೇಕ್ಷೆಯನ್ನೇ ಹಳಿಯುವುದು ನ್ಯಾಯವಲ್ಲ. ಬಲವರ್ಧನೆಯಿಲ್ಲದ ಅಂದಕ್ಕೆ ಮನುಷ್ಯನು ಎಂದೂ ಹಣ ತೆತ್ತಿದ್ದಾನೆ. ಶಾಲಾಕೊಠಡಿಯ ಬಾಗಿಲ ಮೇಲೆ ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿದರೂ ಬಣ್ಣದಲ್ಲಿ ಬರೆಸಿದರೂ ಒಳಗೆ ನಡೆಯುವ ಪಾಠ ಒಂದೇ. ಆದರೂ ಅಮೃತಶಿಲೆಯನ್ನೇ ಅಪೇಕ್ಷಿಸುವುದು ಲೋಕರೂಢಿ. ಇಂದು ಮಧ್ಯವಯಸ್ಸು ತಲುಪಿರುವ ಹಳೆಯ ವಿದ್ಯಾರ್ಥಿಗಳು ಬೆಂಕಿಪೊಟ್ಟಣದ ಚಿತ್ರಗಳನ್ನೂ ಬಬಲ್‌ಗಮ್ ಜತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿಗಳನ್ನೂ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳನ್ನೂ ಕೂಡಿಟ್ಟವರೇ. ಇಲ್ಲದ ಚೀಟಿಗೆ ತನ್ನಲ್ಲಿದ್ದ ನಾಲ್ಕನ್ನು ಕೊಟ್ಟು ಬದಲಾಯಿಸಿಕೊಂಡ ನೆನಪು ಅವರಲ್ಲಿ ಹಲವರಿಗೆ ಇರಬೇಕು. ಆ ವಿನಿಮಯದಲ್ಲಿ ಬೆಲೆ ಕಟ್ಟುತ್ತಿದ್ದವರು ಹುಡುಗರೇ. ಇಬ್ಬರೂ ಎದುರೆದುರು ನಿಂತಿರುತ್ತಿದ್ದರು. ಈಗ ಹುಡುಗನ ಎದುರಿಗೆ ಇರುವುದು ಲೆಕ್ಕ ಬಲ್ಲ ಯಂತ್ರ.

ಆ ಲೆಕ್ಕವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಗಣಿತದ ಅಧ್ಯಾಪಕರಿಗೆ ಇದಕ್ಕಿಂತ ಜೀವಂತವಾದ ಸಂಭವನೀಯತೆಯ ಪಾಠ ಸಿಗುವುದು ಅಪರೂಪ. ಒಂದು ಪೊಟ್ಟಣದಲ್ಲಿ ಅಲಂಕೃತ ಪ್ರತಿ ಇರುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ನೂರು ಪೊಟ್ಟಣ ಒಡೆದರೆ ಒಂದು ಬಂದೇ ಬರುವುದೆಂದು ಬಾಲಕನು ತಿಳಿಯುತ್ತಾನೆ. ಅನೇಕ ಪದವೀಧರರೂ ಹಾಗೆಯೇ ತಿಳಿಯುತ್ತಾರೆ. ವಾಸ್ತವ ಬೇರೆ. ಒಂದೊಂದು ಪೊಟ್ಟಣದಲ್ಲೂ ಸಿಗದಿರುವ ಸಂಭವ 0.99, ಅದನ್ನು ನೂರು ಬಾರಿ ಗುಣಿಸಿದರೆ ಸುಮಾರು 0.366. ಎಂದರೆ ನೂರು ಹುಡುಗರು ತಲಾ ನೂರು ಪೊಟ್ಟಣ ಒಡೆದರೆ ಸುಮಾರು 37 ಮಂದಿ ಬರಿಗೈಯಲ್ಲಿ ನಿಲ್ಲುತ್ತಾರೆ. ಇನ್ನೂರು ಒಡೆದ ಮೇಲೂ ನೂರರಲ್ಲಿ 13 ಮಂದಿಗೆ ಸಿಕ್ಕಿರುವುದಿಲ್ಲ. ಇಷ್ಟು ಹೊತ್ತು ಬಂದಿಲ್ಲ, ಇನ್ನೇನು ಬರಲೇಬೇಕು ಎಂಬ ಭಾವನೆ ಆಗ ಮನಸ್ಸನ್ನು ಹಿಡಿಯುತ್ತದೆ. ಆದರೆ ಹಿಂದಿನ ಸೋಲು ಮುಂದಿನ ಗೆಲುವಿಗೆ ಕಟ್ಟಿದ ಮುಂಗಡವಲ್ಲ. ಮುಂದಿನ ಪೊಟ್ಟಣದಲ್ಲೂ ಸಂಭವ ಅದೇ ನೂರಕ್ಕೆ ಒಂದು. ಕೆಲವು ಆಟಗಳಲ್ಲಿ ಇಂತಿಷ್ಟು ಪೊಟ್ಟಣದೊಳಗೆ ಶ್ರೇಷ್ಠ ಎಲೆ ಖಂಡಿತ ಎಂಬ ಭರವಸೆಯನ್ನು ಸೇರಿಸಿರುತ್ತಾರೆ. ಹಾರ್ತ್‌ಸ್ಟೋನ್‌ನಲ್ಲಿ ಅತ್ಯುನ್ನತ ದರ್ಜೆಯ ಎಲೆಗೆ ಆ ಮಿತಿ 40 ಪೊಟ್ಟಣ. ಭರವಸೆಯಿಲ್ಲದ ಕಡೆ ಮೇಲಿನ ಲೆಕ್ಕವೇ ಗತಿ.

ಇದು ಕಲ್ಪಿತ ಉದಾಹರಣೆಯಾಯಿತು. ನಿಜವಾದ ಅಂಕಿಯೊಂದನ್ನು ನೋಡಬಹುದು. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಎಂಬ ಆಟದ ಮೊದಲ ಸಂಪುಟದಲ್ಲಿ, ಕಿರೀಟದ ಗುರುತುಳ್ಳ ಬಂಗಾರದ ಎಲೆ ಐದು ಎಲೆಗಳ ಪೊಟ್ಟಣದ ನಾಲ್ಕನೆಯ ಸ್ಥಾನದಲ್ಲಿ ಬರುವ ಸಂಭವ ಶೇಕಡಾ 0.040, ಐದನೆಯ ಸ್ಥಾನದಲ್ಲಿ ಶೇಕಡಾ 0.160 ಎಂದು ಆಟದೊಳಗೇ ಪ್ರಕಟಿಸಲಾಗಿತ್ತು. ಎರಡನ್ನೂ ಕೂಡಿದರೆ ಸುಮಾರು ಐನೂರು ಪೊಟ್ಟಣಕ್ಕೆ ಒಂದು. ಅದೇ ಪ್ರಾಣಿಯ ಸಾದಾ ಎಲೆ ಅದೇ ಸಂಪುಟದಲ್ಲಿ ಹಲವು ಪಟ್ಟು ಸುಲಭವಾಗಿ ದೊರೆಯುತ್ತಿತ್ತು, ಹೋರಾಟದಲ್ಲಿ ಅಷ್ಟೇ ಕೆಲಸ ಮಾಡುತ್ತಿತ್ತು.

ಎಲ್ಲ ಬಗೆಗಳನ್ನೂ ಕೂಡಿಸಬೇಕೆಂಬ ಹಂಬಲ ಹುಟ್ಟಿದಾಗ ಲೆಕ್ಕ ಮತ್ತೂ ಕಠಿನವಾಗುತ್ತದೆ. ಸಮಾನ ಸಂಭವವುಳ್ಳ ಹತ್ತು ಅಲಂಕೃತ ಪ್ರತಿಗಳಿವೆ, ಪ್ರತಿ ಸಲ ಒಂದು ಸಿಗುತ್ತದೆ ಎಂದಾದರೂ, ಹತ್ತನ್ನೂ ಪೂರೈಸಲು ಸರಾಸರಿ 29 ಸಲಕ್ಕಿಂತ ಹೆಚ್ಚು ಯತ್ನ ಬೇಕು. ಮೊದಲ ಐದು ಬೇಗ ಬರುತ್ತವೆ; ಕೊನೆಯ ಒಂದಕ್ಕೇ ಸರಾಸರಿ ಹತ್ತು ಯತ್ನ. ಜಪಾನಿನಲ್ಲಿ ಹೀಗೆ ಪೂರ್ಣ ಗುಂಪನ್ನು ಕೂಡಿಸಿದವರಿಗೆ ವಿಶೇಷ ಬಹುಮಾನ ಕೊಡುವ ‘ಕೊಂಪು ಗಾಚಾ’ ಎಂಬ ಪದ್ಧತಿಯಿಂದ ಎಳೆಯರು ಅತಿಯಾಗಿ ಹಣ ಕಳೆದುಕೊಳ್ಳತೊಡಗಿದಾಗ, 2012ರಲ್ಲಿ ಅಲ್ಲಿಯ ಗ್ರಾಹಕ ಇಲಾಖೆ ಅದು ಕಾನೂನುಬಾಹಿರವೆಂದು ಸಾರಿತು. ಸಂಭವದ ಅಂಕಿಗಳನ್ನು ಪ್ರಕಟಿಸಲೇಬೇಕೆಂದು ಚೀನಾ 2017ರಲ್ಲಿ ವಿಧಿಸಿತು. ಆ ವರ್ಷದ ಕೊನೆಯಲ್ಲಿ ಆ್ಯಪಲ್ ಕಂಪನಿಯೂ ತನ್ನ ಮಳಿಗೆಯಲ್ಲಿ ಇದೇ ನಿಯಮ ತಂದಿತು. ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಹಣ ಕೊಟ್ಟು ಒಡೆಯುವ ಇಂಥ ಕೆಲವು ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ಭಾರತದ ಸ್ಥಿತಿ ಇನ್ನೊಂದು ಬಗೆಯದು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯ ಉಚ್ಚ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣದ ಕಾಯ್ದೆಯನ್ನು ಅಂಗೀಕರಿಸಿ, ಹಣ ಒಡ್ಡಿ ಹಣವನ್ನೋ ತತ್ಸಮಾನ ಲಾಭವನ್ನೋ ನಿರೀಕ್ಷಿಸಿ ಆಡುವ ಆಟಗಳನ್ನು ನಿಷೇಧಿಸಿತು. ಆದರೆ ಅಲಂಕೃತ ಎಲೆಯನ್ನು ಪಡೆದವನಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ, ಅಂದವಷ್ಟೇ ಬರುತ್ತದೆ. ಗೆದ್ದರೂ ಹಣವಿಲ್ಲವೆಂಬುದೇ ಅದನ್ನು ಜೂಜಿನ ವ್ಯಾಖ್ಯೆಯಿಂದ ದೂರವಿರಿಸುವ ವಿಚಿತ್ರ ಗುಣ. ಆದುದರಿಂದ ಕಾನೂನು ಈ ಕೆಲಸವನ್ನು ಪೂರ್ತಿಯಾಗಿ ಮಾಡೀತೆಂದು ಪೋಷಕರು ನಿಶ್ಚಿಂತರಾಗಿರುವಂತಿಲ್ಲ.

ಅಲಂಕಾರಕ್ಕೂ ಆಟಕ್ಕೂ ಸಂಬಂಧವೇ ಇಲ್ಲವೆಂದು ಮೇಲೆ ಹೇಳಲಾಯಿತಷ್ಟೆ. ಕೆಲವೆಡೆ ಸಂಬಂಧವನ್ನು ಜಾಣತನದಿಂದ ಕಲ್ಪಿಸಿರುವುದೂ ಉಂಟು. 2022ರಲ್ಲಿ ಹೊರಬಂದ ‘ಮಾರ್ವೆಲ್ ಸ್ನ್ಯಾಪ್’ ಎಂಬ ಆಟದಲ್ಲಿ ಕಟ್ಟಿಗೆ ಹನ್ನೆರಡೇ ಎಲೆ, ಒಂದು ಪಂದ್ಯಕ್ಕೆ ಕೆಲವೇ ನಿಮಿಷ. ಅಲ್ಲಿ ಒಂದೊಂದು ಎಲೆಯನ್ನೂ ಮೆಟ್ಟಿಲುಮೆಟ್ಟಿಲಾಗಿ ಸಿಂಗರಿಸಬಹುದು: ಮೊದಲು ಚಿತ್ರ ಚೌಕಟ್ಟನ್ನು ದಾಟಿ ಹೊರಗೆ ಬರುತ್ತದೆ, ಆಮೇಲೆ ಆಳ ಬರುತ್ತದೆ, ಚಲನೆ ಬರುತ್ತದೆ, ತುದಿ ಮುಟ್ಟಿದಾಗ ಎಲೆಯು ಒಡೆದು ಹೊಸದೊಂದು ಪ್ರತಿ ಹುಟ್ಟುತ್ತದೆ. ಆ ಪ್ರತಿಗೆ ಮಸಿಯ ಛಾಯೆಯೋ ಬಂಗಾರದ ಹಿನ್ನೆಲೆಯೋ ಕಿಡಿಗಳ ಸುಳಿಯೋ ಬರುವುದು ಅದೃಷ್ಟವನ್ನು ಅವಲಂಬಿಸಿದೆ. ಈ ಸಿಂಗಾರದಿಂದ ಎಲೆಯ ಬಲ ಹೆಚ್ಚುವುದಿಲ್ಲ. ಆದರೆ ಸಿಂಗರಿಸಿದಂತೆಲ್ಲ ಆಟಗಾರನ ಸಂಗ್ರಹದ ಮಟ್ಟ ಏರುತ್ತದೆ; ಮಟ್ಟ ಏರಿದಂತೆ ಹೊಸ ಎಲೆಗಳ ದಾರಿ ತೆರೆಯುತ್ತದೆ. ಎಂದರೆ ಅಲಂಕಾರವೇ ಏಣಿಯಾಯಿತು. ಬಟ್ಟೆಯ ಗಂಜೀಫ ಹಿಡಿದ ಬಡವನು ದಂತದ ಗಂಜೀಫ ಹಿಡಿದ ಧನಿಕನೊಡನೆ ಸರಿಸಮನಾಗಿ ಆಡಬಹುದಾಗಿದ್ದ ಸ್ಥಿತಿ ಇಲ್ಲಿ ಸ್ವಲ್ಪ ಸಡಿಲಗೊಂಡಿದೆ. ‘ಇದು ಬರಿಯ ಅಂದಕ್ಕೆ’ ಎಂದು ಬಾಲಕನು ಪ್ರಾಮಾಣಿಕವಾಗಿಯೇ ಹೇಳಿದಾಗಲೂ ಅವನು ಆಡುತ್ತಿರುವ ಆಟ ಯಾವುದೆಂದು ವಿಚಾರಿಸುವುದು ಒಳ್ಳೆಯದು.

ಇದೇ ಆಟದಲ್ಲಿ ಒಂದೇ ಪಾತ್ರವನ್ನು ಹತ್ತಾರು ಚಿತ್ರಕಾರರು ತಮ್ಮ ತಮ್ಮ ಶೈಲಿಯಲ್ಲಿ ಬರೆದ ಪ್ರತಿಗಳೂ ಇವೆ ಎಂಬುದನ್ನು ಮರೆಯಬಾರದು. ಒಬ್ಬನ ಚಿತ್ರ ಹಳೆಯ ಕಂಪ್ಯೂಟರಿನ ಚೌಕಳಿಗಳಂತೆ, ಇನ್ನೊಬ್ಬನದು ಶಿಶುರೂಪದಲ್ಲಿ, ಮತ್ತೊಬ್ಬನದು ಜಲವರ್ಣದಂತೆ. ಚಿತ್ರದಲ್ಲಿ ರುಚಿಯುಳ್ಳ ವಿದ್ಯಾರ್ಥಿಯು ಅವುಗಳ ಭೇದವನ್ನು ಗುರುತಿಸಿ ಹೇಳುವುದನ್ನು ಕೇಳಿದರೆ ಚಿತ್ರಕಲಾ ಅಧ್ಯಾಪಕರಿಗೆ ಸಂತೋಷವೇ ಆದೀತು. ಅಂಥವನನ್ನು ಗದರಿಸಿ ಫೋನು ಕಸಿದುಕೊಂಡರೆ ಚಿತ್ರದ ರುಚಿಗೂ ಪೊಟ್ಟಣದ ಚಟಕ್ಕೂ ಒಂದೇ ಪೆಟ್ಟು ಬೀಳುತ್ತದೆ. ನೋಡುವ ಕಣ್ಣು ಒಂದು, ಒಡೆಯುವ ಬೆರಳು ಇನ್ನೊಂದು. ಎರಡನ್ನೂ ಬೇರ್ಪಡಿಸಿ ನೋಡುವ ತಾಳ್ಮೆ ಬೇಕು. ಮೈಸೂರು ಶೈಲಿಯ ಗಂಜೀಫ ಚಿತ್ರಗಳನ್ನು ಅವನಿಗೆ ತೋರಿಸಿದರೆ ತನ್ನ ಫೋನಿನ ಎಲೆಯ ಪೂರ್ವಜರನ್ನು ಕಂಡಂತಾಗುತ್ತದೆ.

ಕೊನೆಯ ಪ್ರಶ್ನೆ ಒಡೆತನದ್ದು. ಇದನ್ನು ಭದ್ರಾವತಿಯವರಿಗೆ ವಿವರಿಸುವುದು ಸುಲಭ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ ಆ ಊರಿನ ಒಂದು ಭಾಗಕ್ಕೆ ಪೇಪರ್ ಟೌನ್ ಎಂಬ ಹೆಸರನ್ನೇ ಕೊಟ್ಟಿತು. ಕಳೆದ ದಶಕದ ನಡುಭಾಗದಲ್ಲಿ ಅದರ ಉತ್ಪಾದನೆ ನಿಂತಿತು. ಅದನ್ನೇ ನೆಚ್ಚಿದ್ದ ಕುಟುಂಬಗಳಿಗೆ ಒದಗಿದ ಕಷ್ಟ ಆ ಊರಿನವರಿಗೆ ಗೊತ್ತಿರುವುದೇ. ಆದರೆ ಕಾರ್ಖಾನೆ ನಿಂತ ದಿನ ಅಲ್ಲಿ ತಯಾರಾಗಿದ್ದ ಕಾಗದ ಮಾಯವಾಗಲಿಲ್ಲ. ಆ ಕಾಗದದ ಮೇಲೆ ಬರೆದ ಹಳೆಯ ನೋಟ್‌ಪುಸ್ತಕ, ಅಚ್ಚಾದ ಹಳೆಯ ಪತ್ರಿಕೆ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಇಂದಿಗೂ ಇದ್ದರೆ ಅದು ಆ ಮನೆಯವರದೇ. ಡಿಜಿಟಲ್ ಎಲೆಯ ವಿಷಯ ಹಾಗಲ್ಲ. ಅದು ಇರುವುದು ಆಟಗಾರನ ಫೋನಿನಲ್ಲಲ್ಲ, ಕಂಪನಿಯ ಸರ್ವರ್ ಯಂತ್ರದಲ್ಲಿ. ಕೊಂಡುಕೊಂಡದ್ದು ಎಲೆಯನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಕಾರ್ಖಾನೆಗೆ ಬೀಗ ಬಿದ್ದರೆ ಪೆಟ್ಟಿಗೆಯೊಳಗಿನ ಕಾಗದವೂ ಅದೃಶ್ಯವಾಗುವಂಥ ವ್ಯವಸ್ಥೆ ಇದು.

ಇದು ಊಹೆಯಲ್ಲ. ‘ಡ್ಯುಯೆಲಿಸ್ಟ್’ ಎಂಬ ಆಟದ ಸರ್ವರುಗಳನ್ನು 2020ರ ಫೆಬ್ರುವರಿಯಲ್ಲಿ ಮುಚ್ಚಲಾಯಿತು. ವರ್ಷಗಳ ಸಂಗ್ರಹ ಒಂದು ದಿನದಲ್ಲಿ ಕೈಬಿಟ್ಟುಹೋಯಿತು. 2025ರ ಜನವರಿಯಲ್ಲಿ ಅಮೆರಿಕದ ಸರ್ಕಾರ ಟಿಕ್‌ಟಾಕ್ ಎಂಬ ಬೇರೊಂದು ಸೇವೆಯ ವಿರುದ್ಧ ತಂದ ಕಾನೂನು ಜಾರಿಗೆ ಬಂದಾಗ, ಪ್ರಕಾಶಕ ಸಂಸ್ಥೆಯ ಮಾಲೀಕತ್ವದ ನಂಟಿನಿಂದಾಗಿ ಮಾರ್ವೆಲ್ ಸ್ನ್ಯಾಪ್ ಕೂಡ ಆ ದೇಶದಲ್ಲಿ ಹಠಾತ್ತನೆ ನಿಂತಿತು. ಸೇವೆ ಮರಳಿ ಬಂದುದು ನಿಜ. ಬರುವವರೆಗೆ ಅಲ್ಲಿಯ ಆಟಗಾರರ ಬಂಗಾರದ ಎಲೆಗಳು ಎಲ್ಲಿದ್ದವೆಂದು ಕೇಳಿದರೆ ಉತ್ತರವಿರಲಿಲ್ಲ. ಡ್ಯುಯೆಲಿಸ್ಟ್ ಆಟದ ಕಥೆಗೆ ಮಾತ್ರ ಒಂದು ಉತ್ತರಾರ್ಧವಿದೆ. ಅದರ ರಚನೆಯನ್ನೂ ಚಿತ್ರಗಳನ್ನೂ 2023ರಲ್ಲಿ ಸಾರ್ವಜನಿಕರಿಗೆ ಮುಕ್ತಗೊಳಿಸಲಾಯಿತು. ಆಸಕ್ತರು ತಾವೇ ಅದನ್ನು ನಡೆಸಿಕೊಳ್ಳತೊಡಗಿದರು. ಒಮ್ಮೆ ವಿರಳವಾಗಿದ್ದ ಚಿತ್ರ ಈಗ ಬಯಸಿದವರೆಲ್ಲರದು.

‘ಆರ್ಟಿಫ್ಯಾಕ್ಟ್’ ಎಂಬ ಆಟದ್ದು ಇನ್ನೂ ಸ್ವಾರಸ್ಯದ ಪ್ರಸಂಗ. 2018ರಲ್ಲಿ ವಾಲ್ವ್ ಕಂಪನಿ ಅದನ್ನು ಇಪ್ಪತ್ತು ಡಾಲರಿನ ಆಸುಪಾಸಿನ ಬೆಲೆಗೆ ಹೊರತಂದಿತು. ಬಿಡಿ ಎಲೆಗಳನ್ನು ಆಟಗಾರರು ಪರಸ್ಪರ ಮಾರಾಟ ಮಾಡಿಕೊಳ್ಳಬಹುದಾಗಿತ್ತು. ಜನ ಬರಲಿಲ್ಲ. 2021ರ ಮಾರ್ಚಿನಲ್ಲಿ ಕಂಪನಿಯು ಮುಂದಿನ ಕೆಲಸವನ್ನು ನಿಲ್ಲಿಸಿ, ಆಟವನ್ನು ಎಲ್ಲರಿಗೂ ಉಚಿತಗೊಳಿಸಿ, ಪ್ರತಿಯೊಬ್ಬನಿಗೂ ಪ್ರತಿಯೊಂದು ಎಲೆಯನ್ನು ಬಿಟ್ಟುಕೊಟ್ಟಿತು. ಹಿಂದೆ ಹಣ ತೆತ್ತು ಎಲೆ ಕೊಂಡವರಿಗೆ ಏನಾದರೂ ಕೊಡಬೇಕಲ್ಲ. ಅವರಲ್ಲಿದ್ದ ಎಲೆಗಳನ್ನು ‘ಸಂಗ್ರಾಹಕರ ಆವೃತ್ತಿ’ ಎಂಬ ವಿಶೇಷ ಪ್ರತಿಗಳಾಗಿ ಪರಿವರ್ತಿಸಲಾಯಿತು. ಬಲ ಅದೇ, ಬರಹ ಅದೇ, ಉಡುಪು ಮಾತ್ರ ಬೇರೆ.